ಬೇತಾಳನಿಂದ ಎಡ್ವರ್ಡ್‌ವರೆಗೆ: ನಾವು ಓದುವ ರಕ್ತಪಿಶಾಚಿ ಕಥೆಗಳು

“ಕೋಶ ಓದು, ದೇಶ ಸುತ್ತು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅಪ್ಪ ಅಮ್ಮನ ಕೆಲಸದ ದೆಸೆಯಿಂದ ದೇಶ ಸುತ್ತುವ ಭಾಗ್ಯ ನಮಗೆ ಚಿಕ್ಕಂದಿನಲ್ಲೇ ಸಿಕ್ಕಿದೆ. ಇನ್ನು ಕೋಶ? ಅದನ್ನೂ ಓದುತ್ತೇವೆ. ಆದರೆ ನಾವು ಯಾವ ಕೋಶ ಓದುತ್ತಿದ್ದೇವೆ ಎಂದು ನೋಡಿದಾಗ ಮನೆಯವರು ಬೆಚ್ಚಿ ಬೀಳುತ್ತಾರೆ!

ಈ ವರ್ಷ ನಮ್ಮ ಕನ್ನಡ ತರಗತಿಯಲ್ಲಿ ನಡೆದ ಒಂದು ಚರ್ಚೆಯೇ ಈ ಲೇಖನಕ್ಕೆ ಕಾರಣ. ನಾವು ಒಂಬತ್ತನೆಯ ಮತ್ತು ಹತ್ತನೆಯ ತರಗತಿಯ ಹನ್ನೊಂದು ಮಂದಿ. ನಮ್ಮಲ್ಲೊಬ್ಬಳಿಗೆ ರಜೆಯಲ್ಲಿ ಊರಿಗೆ ಹೋದಾಗ ಚಿಕ್ಕಮ್ಮನ ಕಪಾಟಿನಲ್ಲಿ ‘ಟ್ವಿಲೈಟ್’ ಎಂಬ ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಕಪ್ಪು ಮುಖಪುಟ, ಅದರ ಮೇಲೆ ಎರಡು ಬಿಳಿಚಿದ ಕೈಗಳು, ಕೈಗಳಲ್ಲಿ ಒಂದು ಕೆಂಪು ಸೇಬು. ಪುಸ್ತಕ ಇಲ್ಲಿಗೆ ವಿಮಾನ ಹತ್ತಿ ಬಂದು ಕೈಯಿಂದ ಕೈಗೆ ದಾಟಿತು. ಏಳು ಮಂದಿ ಓದಿ ಮುಗಿಸಿದರು. ಎಂಟನೆಯವಳ ಅಮ್ಮ ಮಾತ್ರ ಅದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. “ಬೋರ್ಡ್ ಪರೀಕ್ಷೆ ತಲೆಯ ಮೇಲಿದೆ. ನಿನಗೆ ರಕ್ತ ಕುಡಿಯುವವನ ಪ್ರೇಮಕಥೆ ಬೇಕಾ?” ಎಂದರಂತೆ.

ಮರುದಿನ ತರಗತಿಯಲ್ಲಿ ದೊಡ್ಡ ಗಲಾಟೆ. ನಮ್ಮ ಕನ್ನಡ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, “ಹೊಗಳುವವರೂ ಬೈಯುವವರೂ ಮೊದಲು ವಿಷಯ ತಿಳಿದುಕೊಳ್ಳಿ. ಈ ರಕ್ತಪಿಶಾಚಿ ಎಲ್ಲಿಂದ ಬಂದ, ನಿಮಗೆ ಯಾಕೆ ಇಷ್ಟವಾದ ಎಂದು ಬರೆದುಕೊಂಡು ಬನ್ನಿ” ಎಂದರು. ಹುಡುಕುತ್ತಾ ಹೋದ ನಮಗೆ ಸಿಕ್ಕಿದ್ದನ್ನು ಓದುಗ ಮಿತ್ರರಾದ ನಿಮ್ಮ ಮುಂದೆ ಇಡುತ್ತಿದ್ದೇವೆ.

ಭಯ ಹುಟ್ಟಿದ ಬಗೆ

ರಕ್ತಪಿಶಾಚಿ, ಅಂದರೆ ವ್ಯಾಂಪೈರ್, ಮೊದಲು ಕಾದಂಬರಿಯ ಪಾತ್ರವಾಗಿರಲಿಲ್ಲ. ಪೂರ್ವ ಯುರೋಪಿನ ಹಳ್ಳಿಗಳ ನಂಬಿಕೆಯಾಗಿತ್ತು. 1725 ಮತ್ತು 1732ರ ಸುಮಾರಿಗೆ ಸರ್ಬಿಯಾದ ಹಳ್ಳಿಗಳಲ್ಲಿ ಜನರು ಒಬ್ಬರ ಹಿಂದೆ ಒಬ್ಬರು ಸಾಯತೊಡಗಿದಾಗ, ಮೊದಲು ಸತ್ತವನೇ ಎದ್ದು ಬಂದು ಉಳಿದವರನ್ನು ಕರೆದೊಯ್ಯುತ್ತಿದ್ದಾನೆ ಎಂದು ಊರವರು ನಂಬಿದರು. ಗೋರಿ ಅಗೆದು ನೋಡಿದರೆ ಶವ ಉಬ್ಬಿತ್ತು, ಬಾಯಿಯ ಬಳಿ ರಕ್ತವಿತ್ತು, ಉಗುರು ಬೆಳೆದಂತೆ ಕಾಣುತ್ತಿತ್ತು. ಆಗ ಅಲ್ಲಿ ಆಳುತ್ತಿದ್ದ ಆಸ್ಟ್ರಿಯಾದ ಅಧಿಕಾರಿಗಳು ಇದನ್ನು ವರದಿ ಮಾಡಿದರು. ಆ ವರದಿಗಳ ಮೂಲಕವೇ ‘ವ್ಯಾಂಪೈರ್’ ಎಂಬ ಪದ ಯುರೋಪಿನ ಪತ್ರಿಕೆಗಳಿಗೆ ಹಬ್ಬಿತು.

ಇದರಲ್ಲಿ ಪವಾಡವೇನೂ ಇಲ್ಲ ಎಂಬುದು ಇಂದು ಗೊತ್ತಿದೆ. ಶವ ಕೊಳೆಯುವಾಗ ಒಳಗೆ ಅನಿಲ ತುಂಬಿ ಹೊಟ್ಟೆ ಉಬ್ಬುತ್ತದೆ. ಅದರ ಒತ್ತಡಕ್ಕೆ ಕಪ್ಪು ಕೆಂಪು ದ್ರವ ಬಾಯಿ ಮೂಗಿನಿಂದ ಹೊರಬರುತ್ತದೆ. ಚರ್ಮ ಒಣಗಿ ಹಿಂದಕ್ಕೆ ಸರಿಯುವುದರಿಂದ ಉಗುರು ಉದ್ದವಾದಂತೆ ಕಾಣುತ್ತದೆ. ಒಂದೇ ಮನೆಯವರು ಸಾಲಾಗಿ ಸಾಯುವುದಕ್ಕೆ ಸಾಂಕ್ರಾಮಿಕ ರೋಗಗಳು ಕಾರಣ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 1892ರಲ್ಲೂ ಹೀಗೇ ಆಯಿತು. ಕ್ಷಯರೋಗದಿಂದ ತೀರಿಕೊಂಡ ಮರ್ಸಿ ಬ್ರೌನ್ ಎಂಬ 19 ವರ್ಷದ ಹುಡುಗಿಯ ಶವವನ್ನು ಹೊರತೆಗೆದು ಅವಳ ಹೃದಯವನ್ನು ಸುಟ್ಟರು. ಕಾಯಿಲೆಯಲ್ಲಿದ್ದ ಅವಳ ಸಹೋದರ ಬದುಕಲೆಂಬ ಆಸೆ ಅವರಿಗೆ. ಅವನೂ ಉಳಿಯಲಿಲ್ಲ. ಇದನ್ನು ಓದಿದಾಗ ನಮಗೆ ಭಯಕ್ಕಿಂತ ದುಃಖವೇ ಹೆಚ್ಚಾಯಿತು. ರೋಗಾಣುವಿನ ಬಗ್ಗೆ ತಿಳಿಯದ ಜನರು ಸತ್ತವರ ಮೇಲೆ ತಪ್ಪು ಹೊರಿಸಿದ್ದರು.

ಹಳ್ಳಿಯಿಂದ ಪುಸ್ತಕಕ್ಕೆ

1815ರಲ್ಲಿ ಇಂಡೋನೇಷ್ಯಾದ ತಾಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಮತ್ತು ಅನಿಲ ಆಕಾಶಕ್ಕೆ ಕವಿದು 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ ಮಳೆಗೆ ಸಿಕ್ಕಿಬಿದ್ದಿದ್ದ ಕವಿ ಬೈರನ್ ತನ್ನ ಜೊತೆಗಾರರಿಗೆ, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ. ಆಗ 18 ವರ್ಷದವಳಾಗಿದ್ದ ಮೇರಿ ಶೆಲ್ಲಿ ಆರಂಭಿಸಿದ ಕಥೆಯೇ 1818ರ ‘ಫ್ರಾಂಕೆನ್‌ಸ್ಟೈನ್’. ಬೈರನ್ನನ ವೈದ್ಯ ಪೊಲಿಡೊರಿ ಬರೆದ ‘ದಿ ವ್ಯಾಂಪೈರ್’ 1819ರಲ್ಲಿ ಬಂತು. ಹಳ್ಳಿಯ ಕೊಳೆತ ಶವ ಇಲ್ಲಿ ಮೊದಲ ಬಾರಿಗೆ ಕೋಟು ತೊಟ್ಟ ಶ್ರೀಮಂತನಾಯಿತು!

ಐರ್ಲೆಂಡಿನ ಬ್ರಾಮ್ ಸ್ಟೋಕರ್ 1897ರಲ್ಲಿ ‘ಡ್ರಾಕುಲಾ’ ಬರೆದ. ಪತ್ರ ಮತ್ತು ದಿನಚರಿಗಳ ರೂಪದಲ್ಲಿರುವ ಈ ಕಾದಂಬರಿಯ ಕೋಟೆ ಇರುವುದು ಟ್ರಾನ್ಸಿಲ್ವೇನಿಯಾದಲ್ಲಿ. ಸ್ಟೋಕರ್ ಮಾತ್ರ ಒಮ್ಮೆಯೂ ಅಲ್ಲಿಗೆ ಹೋದವನಲ್ಲ. ಕೋಶ ಓದಿಯೇ ದೇಶ ಕಟ್ಟಿದವನು. ಇನ್ನೊಂದು ಸ್ವಾರಸ್ಯವೆಂದರೆ, ಸ್ಟೋಕರನ ಡ್ರಾಕುಲಾ ಹಗಲಿನಲ್ಲೂ ಓಡಾಡಬಲ್ಲ, ಶಕ್ತಿ ಕಡಿಮೆ ಅಷ್ಟೆ. ಸೂರ್ಯನ ಬೆಳಕಿಗೆ ರಕ್ತಪಿಶಾಚಿ ಸಾಯುತ್ತಾನೆ ಎಂಬುದು 1922ರ ‘ನೊಸ್ಫೆರಾಟು’ ಎಂಬ ಜರ್ಮನ್ ಮೂಕಿ ಚಿತ್ರದ ಕೊಡುಗೆ. ಅಂದರೆ ಪ್ರತಿಯೊಂದು ಕಾಲವೂ ತನ್ನ ಪಿಶಾಚಿಗೆ ಹೊಸ ನಿಯಮ ಬರೆದಿದೆ.

ನಮ್ಮ ಮನೆಯ ಬೇತಾಳ

ಇದೆಲ್ಲ ಪರದೇಶದ ಸರಕು ಎಂದುಕೊಂಡಿದ್ದೆವು. ಆದರೆ ಊರಿನ ಅಜ್ಜಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕು, “ಇದರಲ್ಲಿ ಹೊಸದೇನಿದೆ ಮಗಾ? ನಮ್ಮ ಬೇತಾಳ ಇಲ್ಲವೇ?” ಎಂದರು. ಸ್ಮಶಾನದ ಮರದಲ್ಲಿ ತಲೆಕೆಳಗಾಗಿ ನೇತಾಡುವ, ಶವದೊಳಗೆ ಸೇರಿ ಮಾತಾಡುವ ಬೇತಾಳನ ಕಥೆಗಳು 11ನೇ ಶತಮಾನದಲ್ಲಿ ಸೋಮದೇವ ಬರೆದ ಸಂಸ್ಕೃತದ ‘ಕಥಾಸರಿತ್ಸಾಗರ’ದಲ್ಲೇ ಇವೆ. ನಮ್ಮ ಅಪ್ಪ ಅಮ್ಮ ಇವನನ್ನು ‘ಚಂದಮಾಮ’ದ ಪುಟಗಳಲ್ಲಿ ಕಂಡವರು. ರಿಚರ್ಡ್ ಬರ್ಟನ್ 1870ರಲ್ಲಿ ಈ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ‘ವ್ಯಾಂಪೈರ್’ ಎಂದೇ ಕರೆದ. ‘ಡ್ರಾಕುಲಾ’ ಹುಟ್ಟುವುದಕ್ಕೆ 27 ವರ್ಷ ಮುಂಚೆ! ಆದರೆ ನಮ್ಮ ಬೇತಾಳ ವಿಕ್ರಮನ ಹೆಗಲೇರಿ ರಕ್ತ ಕುಡಿಯುವುದಿಲ್ಲ, ಪ್ರಶ್ನೆ ಕೇಳುತ್ತಾನೆ.

1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲ ಊರುಗಳಲ್ಲೂ ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆಯುತ್ತಿದ್ದುದನ್ನು ನಮ್ಮ ಹಲವರ ಅಪ್ಪಂದಿರು ನೋಡಿದ್ದಾರೆ. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ ಎಂಬುದು ನಂಬಿಕೆ. ಡ್ರಾಕುಲಾ ಕೂಡ ಮನೆಯವರು ಒಮ್ಮೆ ಕರೆಯದೆ ಹೊಸ್ತಿಲು ದಾಟಲಾರ. ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂಬ ಎಚ್ಚರ ಎರಡು ಕಡೆಯೂ ಒಂದೇ ಎಂದು ನಮಗೆ ಅನ್ನಿಸಿತು.

ಹದಿಹರೆಯದವರ ಪುಸ್ತಕಗಳು

‘ಯಂಗ್ ಅಡಲ್ಟ್’ ಎಂಬ ಹೆಸರಿನಲ್ಲಿ ಬರುವ ಪುಸ್ತಕಗಳು ಸುಮಾರು 12ರಿಂದ 18 ವಯಸ್ಸಿನವರಿಗಾಗಿ ಬರೆದವು. ಅಮೆರಿಕದ ಗ್ರಂಥಾಲಯ ಸಂಘ 1957ರಲ್ಲೇ ಈ ವಯಸ್ಸಿನ ಓದುಗರಿಗಾಗಿ ಪ್ರತ್ಯೇಕ ವಿಭಾಗ ತೆರೆಯಿತು. 1967ರಲ್ಲಿ ಬಂದ ‘ದಿ ಔಟ್‌ಸೈಡರ್ಸ್’ ಈ ಬಗೆಯ ಪುಸ್ತಕಗಳಿಗೆ ದಾರಿ ತೋರಿಸಿತು. ಅದನ್ನು ಬರೆದ ಎಸ್. ಇ. ಹಿಂಟನ್ ಆಗಿನ್ನೂ ಹದಿಹರೆಯದ ಹುಡುಗಿ.

‘ಟ್ವಿಲೈಟ್’ ಬರೆದ ಸ್ಟೆಫನಿ ಮೇಯರ್ ಅಮೆರಿಕದ ಅರಿಝೋನಾದವರು. 2003ರ ಜೂನ್‌ನಲ್ಲಿ ಕಂಡ ಒಂದು ಕನಸಿನಿಂದ ಕಥೆ ಹುಟ್ಟಿತೆಂದು ಅವರು ಹೇಳಿದ್ದಾರೆ. ಪುಸ್ತಕ 2005ರಲ್ಲಿ ಬಂತು. 2008ರೊಳಗೆ ಇನ್ನೂ ಮೂರು ಭಾಗಗಳು ಬಂದವು; ಅದೇ ವರ್ಷ ಸಿನಿಮಾ ಕೂಡ ತೆರೆಕಂಡಿತು. ಹತ್ತು ಕೋಟಿಗೂ ಮೀರಿ ಪ್ರತಿಗಳು ಮಾರಾಟವಾಗಿವೆ. 17 ವರ್ಷದ ಬೆಲ್ಲಾ ಬಿಸಿಲೂರು ಫೀನಿಕ್ಸ್‌ನಿಂದ ಸದಾ ಮಳೆ ಸುರಿಯುವ ಫೋರ್ಕ್ಸ್ ಎಂಬ ಸಣ್ಣ ಊರಿಗೆ ಬಂದು ಹೊಸ ಶಾಲೆ ಸೇರುತ್ತಾಳೆ. ಅಲ್ಲಿ ಅವಳಿಗೆ ಎಡ್ವರ್ಡ್ ಸಿಗುತ್ತಾನೆ. ನೋಡಲು 17, ಹುಟ್ಟಿದ್ದು 1901ರಲ್ಲಿ! ಬಿಸಿಲಿಗೆ ಇವನು ಸಾಯುವುದಿಲ್ಲ, ಮೈ ವಜ್ರದಂತೆ ಮಿನುಗುತ್ತದೆ. ಇವನ ಮನೆಯವರು ಮನುಷ್ಯರನ್ನು ಮುಟ್ಟದೆ ಪ್ರಾಣಿಗಳ ರಕ್ತ ಕುಡಿದು, ತಮಾಷೆಗೆ ತಮ್ಮನ್ನು ‘ಸಸ್ಯಾಹಾರಿಗಳು’ ಎಂದು ಕರೆದುಕೊಳ್ಳುತ್ತಾರೆ.

ಪುಸ್ತಕಕ್ಕೆ ಬೀಗ ಹಾಕಿದವರು ನಮ್ಮ ಆಂಟಿ ಒಬ್ಬರೇ ಅಲ್ಲ. ಗ್ರಂಥಾಲಯದಿಂದ ತೆಗೆಯಬೇಕೆಂದು ಅಮೆರಿಕದಲ್ಲಿ ಹೆಚ್ಚು ಆಕ್ಷೇಪಣೆ ಬಂದ ಹತ್ತು ಪುಸ್ತಕಗಳ ಪಟ್ಟಿಯಲ್ಲಿ ‘ಟ್ವಿಲೈಟ್’ 2009 ಮತ್ತು 2010ರಲ್ಲಿ ಇತ್ತು.

ನಮ್ಮ ಅಭಿಪ್ರಾಯಗಳು

ಮೆಚ್ಚಿದವರ ಮಾತು ಮೊದಲು. ನಡುವರ್ಷದಲ್ಲಿ ಹೊಸ ಶಾಲೆಗೆ ಸೇರಿ, ಊಟದ ಹೊತ್ತಿಗೆ ಯಾರ ಪಕ್ಕ ಕೂರಬೇಕೆಂದು ತಿಳಿಯದೆ ನಿಂತ ಅನುಭವ ನಮ್ಮಲ್ಲಿ ಬಹಳ ಮಂದಿಗಿದೆ. ಅಪ್ಪನ ವರ್ಗಾವಣೆ ಆದಾಗಲೆಲ್ಲ ಅದೇ ಕಥೆ. ಬೆಲ್ಲಾಳ ಮೊದಲ ದಿನ ನಮ್ಮದೇ ಮೊದಲ ದಿನ ಎನ್ನಿಸಿತು. ಎರಡನೆಯದಾಗಿ, ಹಸಿವಿದ್ದರೂ ತಡೆದುಕೊಳ್ಳುವ ಪಾತ್ರ ಎಡ್ವರ್ಡ್‌ನದು. ಹುಟ್ಟಿದ ಗುಣವನ್ನೂ ಆಯ್ಕೆಯಿಂದ ಗೆಲ್ಲಬಹುದು ಎಂಬುದು ಇಷ್ಟವಾಯಿತು. ಮೂರನೆಯದಾಗಿ, ಪಠ್ಯಪುಸ್ತಕ ಬಿಟ್ಟು ಬೇರೇನೂ ಓದದ ಒಬ್ಬ ಗೆಳೆಯ ಐನೂರು ಪುಟಗಳನ್ನು ನಾಲ್ಕು ದಿನದಲ್ಲಿ ಮುಗಿಸಿದ!

ಒಪ್ಪದವರ ಮಾತು ಇನ್ನೂ ಗಟ್ಟಿಯಾಗಿತ್ತು. ಬೆಲ್ಲಾ ನಿದ್ರಿಸುವಾಗ ಎಡ್ವರ್ಡ್ ಅವಳಿಗೆ ತಿಳಿಯದಂತೆ ಕೋಣೆಗೆ ಬಂದು ನೋಡುತ್ತಾ ನಿಲ್ಲುತ್ತಾನೆ. ಮೂರನೆಯ ಭಾಗದಲ್ಲಿ, ಅವಳು ಗೆಳೆಯ ಜೇಕಬ್‌ನನ್ನು ನೋಡಲು ಹೋಗಬಾರದೆಂದು ಅವಳ ಗಾಡಿಯ ಎಂಜಿನ್ನಿನ ಭಾಗವನ್ನೇ ಕಳಚುತ್ತಾನೆ. “ಇದನ್ನೇ ನಮ್ಮ ಕಟ್ಟಡದ ಯಾರಾದರೂ ಮಾಡಿದ್ದರೆ ಪೊಲೀಸರನ್ನು ಕರೆಯುತ್ತಿರಲಿಲ್ಲವೇ? ಸುಂದರನಾದರೆ ಪ್ರೀತಿ, ಇಲ್ಲದಿದ್ದರೆ ಅಪರಾಧವೇ?” ಎಂದು ಒಬ್ಬಳು ಕೇಳಿದಳು. ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಆಗ ಅಷ್ಟು ಹೊತ್ತು ಸುಮ್ಮನಿದ್ದ ಇನ್ನೊಬ್ಬಳು ಮೆಲ್ಲನೆ, ಒಬ್ಬ ಗೆಳೆಯನಿಗೆ ತನ್ನ ಫೋನಿನ ಪಾಸ್‌ವರ್ಡ್ ಕೊಟ್ಟಿದ್ದೇನೆ, ಎಲ್ಲಿದ್ದೇನೆಂದು ಗಂಟೆಗೊಮ್ಮೆ ತಿಳಿಸದಿದ್ದರೆ ಅವನು ಸಿಟ್ಟಾಗುತ್ತಾನೆ, ಇದು ಕಾಳಜಿ ಎಂದುಕೊಂಡಿದ್ದೆ ಎಂದಳು. ಆ ದಿನದ ಚರ್ಚೆ ಅಲ್ಲಿಗೆ ಪುಸ್ತಕದ ಚರ್ಚೆಯಾಗಿ ಉಳಿಯಲಿಲ್ಲ. ಅವಳು ಆ ಸಂಜೆಯೇ ಪಾಸ್‌ವರ್ಡ್ ಬದಲಿಸಿದಳು, ಮನೆಯಲ್ಲಿ ಅಕ್ಕನಿಗೂ ಹೇಳಿದಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇವೆ.

ಇಂಥ ಟೀಕೆಗಳು ಲೇಖಕಿಯ ಕಿವಿಗೂ ಬಿದ್ದಿವೆ. 2015ರಲ್ಲಿ ಅವರು ಹುಡುಗಿಯ ಜಾಗದಲ್ಲಿ ಹುಡುಗನನ್ನೂ ಪಿಶಾಚಿಯ ಜಾಗದಲ್ಲಿ ಹುಡುಗಿಯನ್ನೂ ಇಟ್ಟು ಅದೇ ಕಥೆಯನ್ನು ಮತ್ತೆ ಬರೆದರು. 2020ರಲ್ಲಿ ಎಡ್ವರ್ಡ್ ತಾನೇ ಹೇಳುವಂತೆ ಇನ್ನೊಂದು ಪುಸ್ತಕ ತಂದರು. ಹುಡುಗರಲ್ಲಿ ಇಬ್ಬರು ಮಾತ್ರ, ತಂಗಿಯ ಬದಲು ತಾನೇ ಸಾವಿನ ಆಟಕ್ಕೆ ಮುಂದೆ ಬರುವ ‘ಹಂಗರ್ ಗೇಮ್ಸ್’ನ ಕ್ಯಾಟ್ನಿಸ್ ಇವರೆಲ್ಲರಿಗಿಂತ ಮೇಲು ಎಂದು ಕೊನೆಯವರೆಗೂ ವಾದಿಸಿದರು.

ಬೀಗ ತೆರೆದ ಆಂಟಿ

ಈ ನಡುವೆ ಮೇಡಂ ಸಲಹೆಯಂತೆ, ಬೀಗ ಹಾಕಿದ್ದ ಆಂಟಿ ತಾವೇ ಪುಸ್ತಕ ಓದಿದರು. ಮೂರು ರಾತ್ರಿಯಲ್ಲಿ ಮುಗಿಸಿ, ನಮ್ಮಲ್ಲಿ ಐದಾರು ಮಂದಿಯನ್ನು ಮನೆಗೆ ಕರೆದು, ಚಹಾ, ಮಂಡಕ್ಕಿ ಕೊಟ್ಟು ಕೂರಿಸಿದರು. ತಾವು ಹೈಸ್ಕೂಲಿನಲ್ಲಿದ್ದಾಗ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವನ್ನು ಗಣಿತದ ಪುಸ್ತಕದ ನಡುವೆ ಇಟ್ಟು ಓದಿ ಅಜ್ಜಿಯಿಂದ ಏಟು ತಿಂದಿದ್ದನ್ನು ಹೇಳಿ ನಗಿಸಿದರು. ಅದೂ ಮಾಟ ಮಂತ್ರದ ಭಯಾನಕ ಕಥೆಯೇ! ಆಮೇಲೆ ಗಂಭೀರವಾಗಿ, “ಅವನು ರಕ್ತ ಕುಡೀತಾನೆ ಅಂತ ನನಗೆ ಭಯ ಇಲ್ಲ ಕಣ್ರೋ. ಅವನೊಬ್ಬನಿಗೋಸ್ಕರ ಆ ಹುಡುಗಿ ಗೆಳತಿಯರನ್ನೆಲ್ಲ ದೂರ ಮಾಡ್ಕೋತಾಳಲ್ಲ, ಅದು ಭಯ” ಎಂದರು. ನಾವು ಏಳು ಮಂದಿ ಓದಿದ್ದರೂ ಇದನ್ನು ಗಮನಿಸಿರಲಿಲ್ಲ. ಪುಸ್ತಕ ಮಗಳ ಕೈಗೆ ಬಂತು. ಓದಿದ್ದನ್ನು ಮನೆಯಲ್ಲಿ ಮಾತಾಡಬೇಕು ಎಂಬುದೊಂದೇ ಷರತ್ತು.

ನಮಗೆ ನಾಚಿಕೆಯಾದ ಸಂಗತಿಯೂ ಒಂದಿದೆ. ಇಂಗ್ಲಿಷಿನಲ್ಲಿ ಗಂಟೆಗೆ ನಲವತ್ತು ಪುಟ ಓದುವ ನಮಗೆ ಕನ್ನಡದಲ್ಲಿ ನಾಲ್ಕು ಪುಟಕ್ಕೇ ಸುಸ್ತು. ಈಗ ಮೇಡಂ ವಾರಕ್ಕೊಂದು ದಿನ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಹಾರುವ ಓತಿಯನ್ನು ಹುಡುಕಿ ಕಾಡು ಹೊಗುವ ಆ ಕಥೆಯಲ್ಲಿ ದೆವ್ವವೂ ಇಲ್ಲ, ರಕ್ತವೂ ಇಲ್ಲ. ಆದರೂ ಗಂಟೆ ಹೊಡೆದಾಗ “ಇನ್ನೊಂದು ಪುಟ ಮೇಡಂ” ಎನ್ನುತ್ತೇವೆ.

ಕೊನೆಗೆ ಬೇತಾಳನ ಮಾತು. ಪ್ರತಿ ಕಥೆಯ ಕೊನೆಗೂ ಅವನು ವಿಕ್ರಮನನ್ನು ಪ್ರಶ್ನೆ ಕೇಳಿ, ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿದೀತು ಎಂದು ಎಚ್ಚರಿಸುತ್ತಾನೆ. ಕಥೆ ಓದಿ ಮುಗಿಸಿ ಸುಮ್ಮನೆ ಮುಚ್ಚಿಡಬಾರದು, ಅನಿಸಿದ್ದನ್ನು ಹೇಳಬೇಕು ಎಂಬುದನ್ನು ನಾವು ಈ ವರ್ಷ ಕಲಿತೆವು. ಗೆಳೆಯರೇ, ನಿಮ್ಮ ಮನೆಯಲ್ಲೂ ಬೀಗ ಹಾಕಿದ ಪುಸ್ತಕ ಇದ್ದರೆ ಬೀಗ ಹಾಕಿದವರ ಕೈಗೇ ಅದನ್ನು ಓದಲು ಕೊಡಿ. ಆಮೇಲೆ ಒಟ್ಟಿಗೆ ಕುಳಿತು ಮಾತಾಡಿ. ಚಹಾ ಮತ್ತು ಮಂಡಕ್ಕಿ ಇದ್ದರೆ ಇನ್ನೂ ಒಳ್ಳೆಯದು!