ಹಿತ್ತಾಳೆ ಕೊಳವೆಯ ಖಾಲಿ ಜಾಗ

ಅಮೆರಿಕದ ಗುರಿ ಅಭ್ಯಾಸದ ಮೈದಾನಗಳಲ್ಲಿ ಗುಂಡು ಹಾರಿಸಿ ಮುಗಿದ ಮೇಲೆ ಕೆಲವರು ಬಗ್ಗಿ ನೆಲದಿಂದ ಏನನ್ನೋ ಆರಿಸುತ್ತಿರುತ್ತಾರೆ. ಅವು ಕಾಡತೂಸಿನ ಖಾಲಿ ಹಿತ್ತಾಳೆ ಕೊಳವೆಗಳು. ಗುಂಡು ಹಾರಿಹೋಗಿರುತ್ತದೆ, ಮದ್ದು ಉರಿದಿರುತ್ತದೆ. ಕೊಳವೆ ಮಾತ್ರ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಅದನ್ನು ಮನೆಗೆ ಒಯ್ದು ಹೊಸ ಮದ್ದು, ಹೊಸ ಗುಂಡು ಕೂರಿಸುವ ಹವ್ಯಾಸಕ್ಕೆ ಅಲ್ಲಿ ‘ರೀಲೋಡಿಂಗ್’ ಎನ್ನುತ್ತಾರೆ. ಸ್ವಂತ ಬಳಕೆಗಾದರೆ ಅಲ್ಲಿನ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. ನಮ್ಮಲ್ಲಾದರೋ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಈ ಹವ್ಯಾಸಿಗಳು ಸೇರಿದಲ್ಲಿ ಮುಗಿಯದ ಚರ್ಚೆಯೊಂದಿದೆ: ಪಿಸ್ತೂಲಿಗೆ ಯಾವ ಮದ್ದು ಒಳ್ಳೆಯದು? ಜೋರಾಗಿ ಸಿಡಿಯುವುದೇ ಇರಬೇಕು ಎಂದು ಹೊರಗಿನವರು ಊಹಿಸಬಹುದು. ಆದರೆ ಅವರು ನೋಡುವುದು ಉರಿಯುವ ವೇಗವನ್ನು. ಬಚ್ಚಲ ಒಲೆಗೆ ತೆಂಗಿನ ಸೋಗೆ ತುರುಕಿದರೆ ಭಗ್ಗನೆ ಹೊತ್ತಿ ಮುಗಿಯುತ್ತದೆ. ಹುಣಿಸೆ ಕೊರಡು ತಡವಾಗಿ ಹಿಡಿದು ಬಹಳ ಹೊತ್ತು ಉರಿಯುತ್ತದೆ. ಪಿಸ್ತೂಲಿನ ನಳಿಗೆ ಗಿಡ್ಡ. ರೈಫಲ್ಲಿನ ನಿಧಾನದ ಮದ್ದನ್ನು ಅದಕ್ಕೆ ಹಾಕಿದರೆ ಪೂರ್ತಿ ಉರಿಯುವ ಮೊದಲೇ ಗುಂಡು ಹೊರಬಿದ್ದಿರುತ್ತದೆ. ಹಾಗಾಗಿ ಇಲ್ಲಿ ಸೋಗೆಯ ಜಾತಿಯ ಮದ್ದೇ ಬೇಕು.

ತೊಡಕು ಇರುವುದೂ ಅಲ್ಲಿಯೇ. ಅದನ್ನು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆಸಿದ ಹಳೆಯ ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆ, ಮಸಿಯಾಗಿಯೇ ಉಳಿಯುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ನೈಟ್ರೋಸೆಲ್ಯುಲೋಸ್‌ನಿಂದ ಹೊಗೆಯಿಲ್ಲದ ಮದ್ದು ಮಾಡಿದ. ಅದೇ ತೂಕದಲ್ಲಿ ಅದಕ್ಕೆ ಸುಮಾರು ಮೂರು ಪಟ್ಟು ಶಕ್ತಿ. ಎರಡೇ ವರ್ಷಗಳಲ್ಲಿ ಫ್ರೆಂಚ್ ಸೈನ್ಯ ಅದಕ್ಕೆಂದೇ ಲೆಬೆಲ್ ರೈಫಲ್ ತಂದಿತು.

ಮದ್ದು ಬದಲಾದರೂ ಹಳೆಯ ಅಳತೆಗಳು ಕೂಡಲೇ ಹೋಗಲಿಲ್ಲ. 1890ರ ದಶಕದ ಕೊನೆಯಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿ ತಂದ ‘.38 ಸ್ಪೆಷಲ್’ ಕಾಡತೂಸು ಕರಿಮದ್ದು ತುಂಬುವ ಲೆಕ್ಕದಲ್ಲೇ ಹುಟ್ಟಿತು. ಅದರ ಕೊಳವೆಯ ಉದ್ದ 29 ಮಿಲಿಮೀಟರ್. ಕೆಲವೇ ವರ್ಷಗಳಲ್ಲಿ ಜರ್ಮನಿಯಲ್ಲಿ ಹೊಸ ಮದ್ದಿಗೆಂದೇ ರೂಪಿಸಿದ 9 ಮಿ.ಮೀ. ಲೂಗರ್ ಕಾಡತೂಸಿನದು 19 ಮಿಲಿಮೀಟರ್. ಎರಡರ ಗುಂಡೂ ಹೆಚ್ಚುಕಡಿಮೆ ಒಂದೇ ದಪ್ಪ, ಆದರೆ ಗಿಡ್ಡದ್ದೇ ಹೆಚ್ಚು ಬಲಶಾಲಿ! ಉದ್ದನೆಯದರೊಳಗೆ ಇರುವುದು ಕರಿಮದ್ದಿನ ಕಾಲದ ಬರಿದಾದ ಜಾಗ.

1898ರಲ್ಲಿ ಬಂದ ‘ಬುಲ್ಸ್‌ಐ’ ಬಹಳ ಬೇಗ ಉರಿಯುವ ಪುಡಿ. ಒಂದು ಪೌಂಡಿಗೆ 7,000 ಗ್ರೇನ್. ಒಂದು ಕಾಡತೂಸಿಗೆ ಕೆಲವೇ ಗ್ರೇನ್ ಸಾಕು. ಡಬ್ಬಿಯೊಂದು ಬಹಳ ದಿನ ಬರುತ್ತದೆ. ಕಾಸು ಉಳಿಸಲೆಂದು ಈ ಕೆಲಸಕ್ಕೆ ಇಳಿದವನಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ .38ರ ಕೊಳವೆಯ ತಳದಲ್ಲಿ ಆ ಚಿಟಿಕೆ ಪುಡಿ ಕಂಡೂ ಕಾಣದಂತೆ ಬಿದ್ದಿರುತ್ತದೆ. ಅತ್ತ ಫೋನ್ ಬಂತೆಂದು ಎದ್ದು ಹೋಗಿ ಬಂದು ಅದೇ ಕೊಳವೆಗೆ ಇನ್ನೊಮ್ಮೆ ಸುರಿದರೂ ಜಾಗ ಮಿಕ್ಕಿರುತ್ತದೆ, ಗುಂಡು ಸಲೀಸಾಗಿ ಕೂರುತ್ತದೆ. ಒತ್ತಡ ಮಾತ್ರ ಎರಡರಷ್ಟಕ್ಕೆ ನಿಲ್ಲುವುದಿಲ್ಲ, ಅದಕ್ಕೂ ಮೇಲೆ ಏರುತ್ತದೆ. ರಿವಾಲ್ವರಿನ ಉಕ್ಕಿನ ಉರುಳೆ ಕೈಯಲ್ಲೇ ಒಡೆದ ನಿದರ್ಶನಗಳುಂಟು.

ಆದ್ದರಿಂದಲೇ ಅನುಭವಸ್ಥರು ಹೊಸಬರಿಗೆ ಹೇಳುವ ಮದ್ದು ಅಗ್ಗದ್ದಲ್ಲ. ಹೆಚ್ಚು ಜಾಗ ಹಿಡಿಯುವಂಥದು. ಎರಡು ಸಲ ಸುರಿದರೆ ಕೊಳವೆಯ ಬಾಯಿ ಮೀರಿ ಹೊರಚೆಲ್ಲಬೇಕು, ಇಲ್ಲವೇ ಕಣ್ಣಿಗೆ ಹೊಡೆಯಬೇಕು. 1900ರ ಸುಮಾರಿಗೆ ಬಂದ, ಅಗಲ ಹಳುಕುಗಳ ‘ಯೂನಿಕ್’ ಮದ್ದಿನ ಜನಪ್ರಿಯತೆಗೆ ಇದೂ ಒಂದು ಕಾರಣ. ಅದು ಅಳತೆ ಯಂತ್ರದಲ್ಲಿ ಸರಾಗವಾಗಿ ಇಳಿಯುವುದಿಲ್ಲ, ಮಸಿಯೂ ಹೆಚ್ಚು ಎಂಬ ದೂರು ಹಳೆಯದು. ಆದರೂ ನನಗೇನೋ ಈ ದೂರುಗಳು ಬೆರಳುಗಳ ಮುಂದೆ ಸಣ್ಣವೆನಿಸುತ್ತವೆ.

ಮದ್ದುಗಳ ಮೇಲೆ ಗ್ರಾಫೈಟ್ ಲೇಪನವಿರುವುದರಿಂದ ಬಹುತೇಕ ಎಲ್ಲವೂ ಬೂದುಗಪ್ಪು. ನೋಡಿದರೆ ಗುರುತು ಹತ್ತದು. ಹೀಗಾಗಿ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇಡುವುದು ಈ ಮಂದಿಯ ಕಟ್ಟುನಿಟ್ಟು. ಚೀಟಿ ಕಿತ್ತುಹೋದ ಡಬ್ಬಿ ಸಿಕ್ಕಿದರೆ, ಅದು ತುಂಬಿದ್ದರೂ, ಬಳಸುವುದಿಲ್ಲ.