ಬಸ್ಸು ತಪ್ಪಿಲ್ಲ, ಸುಮ್ಮನೆ ಓಡುತ್ತಿದ್ದೇನೆ!

ಹೊಸ ವರ್ಷ, ಯುಗಾದಿ, ಹುಟ್ಟುಹಬ್ಬ, ಅದೂ ಇಲ್ಲದಿದ್ದರೆ ‘ಬರೋ ಸೋಮವಾರ’. ವ್ಯಾಯಾಮ ಶುರು ಮಾಡಲು ನಮ್ಮ ವಯಸ್ಸಿನ ಹೆಚ್ಚಿನವರು ಇಡುವ ಮುಹೂರ್ತಗಳಿವು. ಮೊದಲ ದಿನ ಹೊಸ ಶೂ ಹಾಕಿಕೊಂಡು ನಾಲ್ಕು ಕಿಲೋಮೀಟರ್ ಓಟ. ಎರಡನೇ ದಿನ ಮೆಟ್ಟಿಲು ಇಳಿಯಲಾಗದಷ್ಟು ಕಾಲುನೋವು. ಮೂರನೇ ದಿನ ಮಳೆ, ನಾಲ್ಕನೇ ದಿನ ಇಂಟರ್ನಲ್ಸ್. ಅಲ್ಲಿಗೆ ಶೂ ಮತ್ತೆ ಡಬ್ಬ ಸೇರುತ್ತದೆ. ಕೊನೆಗೆ ‘ನನಗೆ ಮೋಟಿವೇಷನ್ನೇ ಇಲ್ಲ ಕಣೇ’ ಎಂಬ ತೀರ್ಪು.

ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ಬಸ್ಸಿನಲ್ಲಿ ನಿಂತು ಕಾಲೇಜಿಗೆ ಹೋಗಿಬರುವವರಿಗೆ, ಒಂದು ಹುದ್ದೆಗಾಗಿ ವರ್ಷಗಟ್ಟಲೆ ಓದುವವರಿಗೆ ಹುರುಪಿನ ಕೊರತೆಯೇ? ಕೊರತೆ ಇರುವುದು ನಾವು ಆರಿಸಿಕೊಳ್ಳುವ ವೇಳಾಪಟ್ಟಿಯಲ್ಲಿ. ಅದು ಬೇರೆ ಯಾರದ್ದೋ ಊರಿಗೆ, ಬೇರೆ ಯಾರದ್ದೋ ದಿನಕ್ಕೆ ಹೊಲಿದ ಅಂಗಿ.

ರೀಲ್ಸ್ ಬೇರೆ, ನಮ್ಮ ದಿನ ಬೇರೆ

ರೀಲ್ಸ್‌ನಲ್ಲಿ ಬೆಳಿಗ್ಗೆ ಐದಕ್ಕೆ ಏಳುತ್ತಾರೆ, ಒಂದು ಗಂಟೆ ಜಿಮ್, ಆಮೇಲೆ ಪ್ರೊಟೀನ್ ಶೇಕ್. ನಮ್ಮಲ್ಲಿ? ನಂಜನಗೂಡಿನಿಂದ ಮೈಸೂರು 25 ಕಿ.ಮೀ. ಆಸುಪಾಸು. ಅಲ್ಲಿಯವರಿಗೆ ಬಸ್ಸಿನ ಜೊತೆ ರೈಲಾದರೂ ಇದೆ. ನಮ್ಮ ತಿ. ನರಸೀಪುರದವರಿಗೆ ಹತ್ತಿರಹತ್ತಿರ 30 ಕಿ.ಮೀ. ದಾರಿಗೆ ಬಸ್ಸೇ ಗತಿ. ಹಳ್ಳಿಯವರಾದರೆ ಮೊದಲು ತಾಲ್ಲೂಕು ಕೇಂದ್ರಕ್ಕೆ ಬರಬೇಕು, ಆಮೇಲೆ ಮೈಸೂರು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹುಡುಗಿಯರಿಗೆ ಬಸ್ ಚಾರ್ಜ್ ಉಳಿಯಿತು. ಸೀಟು ಮಾತ್ರ ಅದೃಷ್ಟವಿದ್ದರೆ. ಏಳಕ್ಕೆ ಮನೆ ಬಿಟ್ಟು, ಸಂಜೆ ಆರಕ್ಕೆ ಮನೆ ಸೇರಿ, ಅಡುಗೆಮನೆಯಲ್ಲಿ ಅವ್ವನಿಗೆ ಕೈಜೋಡಿಸಿ, ಅಸೈನ್‌ಮೆಂಟ್ ಬರೆದು ಮಲಗುವವರಿಗೆ ‘ದಿನಕ್ಕೊಂದು ಗಂಟೆ ಜಿಮ್’ ಎಂದರೆ ನಗು ಬರುತ್ತದೆ.

ಬೆಳಗಿನ ಜಾವ ಎದ್ದು ಓಡಿ ಎನ್ನುವ ಸಲಹೆಯೂ ಇಲ್ಲಿ ಎಲ್ಲರಿಗೂ ನಡೆಯುವುದಿಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ ನಮ್ಮ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ಕಾಲೇಜು ಓದುವವರೂ ಇದ್ದರು. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆ ಬಂಡೀಪುರದ ಕಾಡಂಚು. ಅಲ್ಲಿ ಹುಲಿ, ಆನೆಯ ಭಯ. ಕಬ್ಬಿನ ಗದ್ದೆಯ ಪಕ್ಕ ಕತ್ತಲಲ್ಲಿ ಒಬ್ಬರೇ ಓಡುವುದು ಶಿಸ್ತಲ್ಲ, ಅಪಾಯ. ನಮ್ಮ ವ್ಯಾಯಾಮಕ್ಕೆ ಬೆಳಕಿರುವ ಹೊತ್ತು, ಜನ ಓಡಾಡುವ ಜಾಗ ಬೇಕು. ಅದನ್ನು ನಾವೇ ಹುಡುಕಿಕೊಳ್ಳಬೇಕು.

ಹುರುಪಿಗಿಂತ ಹೊತ್ತು ದೊಡ್ಡದು

2002ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪ್ರಯೋಗ ನಮ್ಮಂಥವರಿಗೇ ಮಾಡಿದಂತಿದೆ. ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ವಿಶೇಷವಾಗಿ ಏನೂ ಹೇಳಲಿಲ್ಲ. ಎರಡನೆಯದಕ್ಕೆ ವ್ಯಾಯಾಮದಿಂದ ಹೃದಯಕ್ಕಾಗುವ ಲಾಭದ ಬಗ್ಗೆ ಓದಿಸಿದರು. ಮೂರನೆಯದಕ್ಕೆ ಅದನ್ನು ಓದಿಸಿದ್ದಲ್ಲದೆ, ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡುತ್ತೇನೆ ಎಂದು ಬರೆಸಿಕೊಂಡರು. ಮೊದಲ ಗುಂಪಿನಲ್ಲಿ ವ್ಯಾಯಾಮ ಮಾಡಿದವರು ನೂರಕ್ಕೆ 38. ಬರೀ ಪ್ರೇರಣೆ ಸಿಕ್ಕ ಗುಂಪಿನಲ್ಲಿ 35. ಹೊತ್ತು, ಜಾಗ ಬರೆದುಕೊಟ್ಟವರಲ್ಲಿ 91!

ಅಂದರೆ ಪ್ರೇರಣೆಯ ವಿಡಿಯೊ ನೋಡುವುದಕ್ಕಿಂತ ‘ಸಂಜೆ ಆರಕ್ಕೆ, ಬಸ್ಸಿಳಿದ ಕೂಡಲೇ, ಇಂಥ ರಸ್ತೆಯಲ್ಲಿ’ ಎಂಬ ಒಂದು ಸಾಲು ಬರೆದಿಡುವುದು ಮೇಲು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿ ಹೇಳಿದ ಇನ್ನೊಂದು ಮಾತೂ ಧೈರ್ಯ ಕೊಡುತ್ತದೆ. ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನಗಳ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಹಾಳಾಗುವುದಿಲ್ಲ ಎಂದೂ ಅವರು ಕಂಡುಕೊಂಡರು. ‘21 ದಿನದಲ್ಲಿ ಬದುಕು ಬದಲಿಸಿ’ ಎನ್ನುವವರ ಮಾತು ಕೇಳಿ 22ನೇ ದಿನ ಬೇಸರಪಟ್ಟುಕೊಳ್ಳಬೇಡಿ.

ಇರುವ ದಿನಕ್ಕೇ ಹೊಂದಿಸಿ

ಹಾಗಾದರೆ ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಸರಳ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು, ಜೊತೆಗೆ ವಾರದಲ್ಲಿ ಎರಡು ದಿನ ಮಾಂಸಖಂಡ ಬಲಪಡಿಸುವ ವ್ಯಾಯಾಮ ಬೇಕು. ಬಿರುಸು ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. 150 ನಿಮಿಷವನ್ನು ವಾರಕ್ಕೆ ಹಂಚಿದರೆ ದಿನಕ್ಕೆ 21 ನಿಮಿಷ ಚಿಲ್ಲರೆ. ಒಂದೇ ಸಲ ಮಾಡಬೇಕೆಂದಿಲ್ಲ. ಬಸ್ ನಿಲ್ದಾಣಕ್ಕೆ ಬೀಸುಹೆಜ್ಜೆಯಲ್ಲಿ ಹೋಗುವ ಹತ್ತು ನಿಮಿಷ, ಬರುವ ಹತ್ತು ನಿಮಿಷವೂ ಲೆಕ್ಕಕ್ಕೆ ಬರುತ್ತವೆ.

ಎಲ್ಲರ ಬಾಯಲ್ಲಿರುವ ‘ದಿನಕ್ಕೆ ಹತ್ತು ಸಾವಿರ ಹೆಜ್ಜೆ’ ವೈದ್ಯರು ಕೊಟ್ಟ ಸಂಖ್ಯೆಯಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮೇಲೆ 1965ರಲ್ಲಿ ಜಪಾನಿನ ಒಂದು ಕಂಪನಿ ಮಾರುಕಟ್ಟೆಗೆ ತಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ ‘ಹತ್ತು ಸಾವಿರ ಹೆಜ್ಜೆ’ ಎಂಬ ಅರ್ಥದ್ದು. ಅಷ್ಟು ಆಗಲಿಲ್ಲವೆಂದು ಕೊರಗದೆ, ನಿನ್ನೆಗಿಂತ ಸಾವಿರ ಹೆಜ್ಜೆ ಹೆಚ್ಚು ನಡೆದರೆ ಒಳ್ಳೆಯದೇ.

ನನ್ನ ಪಟ್ಟಿ ಇಷ್ಟು. ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯುವ ಹತ್ತು ನಿಮಿಷದಲ್ಲಿ 15 ಬಸ್ಕಿ, ಮಂಚದ ಅಂಚಿಗೆ ಕೈಯೂರಿ 8 ದಂಡ, ಒಂದಿಷ್ಟು ಸೂರ್ಯನಮಸ್ಕಾರ. ಸಂಜೆ ಒಂದು ಸ್ಟಾಪ್ ಮೊದಲೇ ಇಳಿದು ಮನೆವರೆಗೆ ಬಿರುಸು ನಡಿಗೆ. ಸ್ಕ್ವಾಟ್, ಪುಷ್‌ಅಪ್ ಎಂಬ ಹೆಸರು ಮೊಬೈಲಿಗೆ ಬರುವ ಎಷ್ಟೋ ಮೊದಲೇ ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಬಸ್ಕಿ, ದಂಡ ಹೊಡೆಯುತ್ತಿದ್ದರು. ಅದಕ್ಕೆ ಬೇಕಾದದ್ದು ಆರಡಿ ಜಾಗ ಮಾತ್ರ.

ನಂಜನಗೂಡಿನ ನನ್ನ ಗೆಳತಿಗೆ ರಥಬೀದಿಯೇ ವಾಕಿಂಗ್ ಟ್ರ್ಯಾಕ್. ಶ್ರೀಕಂಠೇಶ್ವರನ ಗುಡಿಗೆ ಬರುವ ಭಕ್ತರು, ಹೂವಿನವರು, ಕಾಯಿ ಅಂಗಡಿಯವರು ಇರುವುದರಿಂದ ಒಂಟಿತನದ ಭಯವಿಲ್ಲ. ದೊಡ್ಡ ಜಾತ್ರೆಯ ದಿನಗಳಲ್ಲಿ ಮಾತ್ರ ಅವಳ ನಡಿಗೆಗೂ ರಜೆ. ನಮ್ಮೂರಲ್ಲಿ ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಕಡೆಯಿಂದ ಕಾವೇರಿ–ಕಪಿಲಾ ಸಂಗಮದವರೆಗಿನ ದಾರಿ ಸಂಜೆಗೆ ಚೆನ್ನ. ಹೊಳೆಯ ಮೆಟ್ಟಿಲ ಮೇಲೆ ಹತ್ತಿಳಿಯುವ ಸಾಹಸ ಮಾತ್ರ ಬೇಡ, ಪಾಚಿ ಕಟ್ಟಿ ಜಾರುತ್ತವೆ.

‘ಏನವ್ವಾ, ಬಸ್ಸು ತಪ್ಪೋಯ್ತಾ?’

ಹುಡುಗ ಓಡಿದರೆ ‘ಪೊಲೀಸ್ ಸೆಲೆಕ್ಷನ್‌ಗೆ ರೆಡಿ ಆಗ್ತಾವ್ನೆ’ ಎನ್ನುತ್ತಾರೆ. ಹುಡುಗಿ ಓಡಿದರೆ ಜಗಲಿ ಮೇಲೆ ಕೂತ ಅಜ್ಜಿ ಕೇಳುವುದು: ‘ಏನವ್ವಾ, ಬಸ್ಸು ತಪ್ಪೋಯ್ತಾ?’ ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಹೆಣ್ಣುಮಗಳು ಕಾರಣವಿಲ್ಲದೆ ಓಡುವುದನ್ನು ಅವರು ಕಂಡೇ ಇಲ್ಲ.

2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಪುರುಷರಲ್ಲಿ ನೂರಕ್ಕೆ 42, ಮಹಿಳೆಯರಲ್ಲಿ 57. ಈ ಅಂತರ ಸೋಮಾರಿತನದ್ದಲ್ಲ. ಜಾಗದ್ದು, ಹೊತ್ತಿನದ್ದು, ನೋಡುವ ಕಣ್ಣುಗಳದ್ದು. ‘ಮನೆಗೆಲಸವೇ ವ್ಯಾಯಾಮ’ ಎಂದು ಸಮಾಧಾನ ಹೇಳುವವರು ಆ ಕೆಲಸವನ್ನು ಒಂದು ವಾರ ತಾವೇ ಮಾಡಿ ನೋಡಲಿ. ಮೈ ದಣಿಯುತ್ತದೆ ನಿಜ, ಆದರೆ ತನಗಾಗಿ ಎಂದು ಅರ್ಧ ಗಂಟೆಯೂ ಉಳಿಯುವುದಿಲ್ಲ.

ಇದಕ್ಕೆ ಉತ್ತರ ನಮ್ಮ ತಾಲ್ಲೂಕಿನಲ್ಲೇ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಮಣಿಸಿ ಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಬಿ. ಚೈತ್ರಾ ಇದ್ದರು. ಅವರ ಊರು ತಿ. ನರಸೀಪುರ ತಾಲ್ಲೂಕಿನ ಕುರುಬೂರು. ಆ ಗೆಲುವಿನ ಸುದ್ದಿ ಬಂದ ಮೇಲೆ ‘ಹುಡುಗಿಗೆ ಯಾಕೆ ಮೈದಾನ’ ಎಂದು ಕೇಳುವವರ ಮುಂದೆ ಹೇಳಲು ನಮಗೊಂದು ಹೆಸರು ಸಿಕ್ಕಿದೆ.

ಎಲ್ಲರೂ ವಿಶ್ವಕಪ್ ಆಡಬೇಕಾಗಿಲ್ಲ. ಆದರೆ ಖೋಖೋಗೆ ಬೇಕಾದದ್ದು 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಗಳ, ಎರಡು ಕಂಬ. ಬ್ಯಾಟಿಲ್ಲ, ಬಾಲಿಲ್ಲ, ತಿಂಗಳ ಫೀಸಿಲ್ಲ. ಕೂರುವುದು, ಏಳುವುದು, ತಿರುಗುವುದು, ಚಿಮ್ಮಿ ಓಡುವುದು ಎಲ್ಲವೂ ಅದರಲ್ಲಿದೆ. ಇನ್ನೂ ಮುಖ್ಯವಾಗಿ, ಒಬ್ಬಳೇ ಓಡಿದರೆ ನೋಡುವ ಕಣ್ಣುಗಳು ಹೆಚ್ಚು. ಎಂಟು ಮಂದಿ ಸೇರಿದರೆ ಅದು ಆಟ. ಒಂದು ದಿನ ಹೋಗದಿದ್ದರೆ ‘ಯಾಕೆ ಬರಲಿಲ್ವೇ?’ ಎಂದು ಕೇಳಲು ಏಳು ಮಂದಿ ಇರುತ್ತಾರೆ. ಯಾವ ಆ್ಯಪ್ ಕೂಡ ಅಷ್ಟು ಗಟ್ಟಿಯಾಗಿ ನೆನಪಿಸುವುದಿಲ್ಲ. ಸಂಜೆ ಕಾಲೇಜು ಮೈದಾನದ ಒಂದು ಮೂಲೆಯನ್ನು ಹುಡುಗಿಯರಿಗೂ ಬಿಟ್ಟುಕೊಡಿ ಎಂದು ಪ್ರಾಂಶುಪಾಲರನ್ನು ಗುಂಪಾಗಿ ಹೋಗಿ ಕೇಳಿ.

ಖಾಕಿ ಕನಸು ಕಂಡವರಿಗೆ

ನನ್ನಂತೆ ಕಾನ್‌ಸ್ಟೆಬಲ್ ಹುದ್ದೆಗೆ ಓದುತ್ತಿರುವವರಿಗೆ ಫಿಟ್‌ನೆಸ್ ಹವ್ಯಾಸವಲ್ಲ, ಅನ್ನದ ಪ್ರಶ್ನೆ. ನಮ್ಮ ರಾಜ್ಯದ ಸಿವಿಲ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಮಹಿಳೆಯರು 400 ಮೀಟರನ್ನು 2 ನಿಮಿಷದಲ್ಲಿ ಓಡಬೇಕು. ಅದಲ್ಲದೆ ಉದ್ದ ಅಥವಾ ಎತ್ತರ ಜಿಗಿತ, ಗುಂಡು ಎಸೆತವೂ ಇವೆ. ಅಗ್ನಿವೀರ್ ರ್‍ಯಾಲಿಯಲ್ಲಿ ಪೂರ್ಣ ಅಂಕಕ್ಕೆ 1.6 ಕಿ.ಮೀ. ಓಟ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಯಬೇಕು. ಅರ್ಜಿ ಹಾಕುವಾಗ ಆಯಾ ಅಧಿಸೂಚನೆಯನ್ನು ಪೂರ್ತಿ ಓದಿಕೊಳ್ಳಿ.

ಕಾನ್‌ಸ್ಟೆಬಲ್ ಲಿಖಿತ ಪರೀಕ್ಷೆ ಪಾಸಾದ ಮೇಲೆಯೇ ಓಟ ಶುರು ಮಾಡಿದರಾಯಿತು ಎಂದು ಕಾಯುವವರು ಬಹಳ. ಉಸಿರು ಬೇಗ ಪಳಗುತ್ತದೆ, ಮೂಳೆ–ಸ್ನಾಯುರಜ್ಜು ನಿಧಾನ. ಅದಕ್ಕೇ ಎರಡೇ ವಾರಕ್ಕೆ ಮೊಣಕಾಲ ಕೆಳಗೆ ಮುಂಭಾಗದ ಮೂಳೆಯಲ್ಲಿ ನೋವು ಕಾಣಿಸಿಕೊಂಡು ಓಟವೇ ನಿಲ್ಲುತ್ತದೆ. ಹನ್ನೆರಡು ವಾರ ಕೊಡಿ. ಮೊದಲ ನಾಲ್ಕು ವಾರ ವಾರಕ್ಕೆ ಮೂರು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಮುಂದಿನ ನಾಲ್ಕು ವಾರ ನಿಲ್ಲದೆ 20 ನಿಮಿಷ ನಿಧಾನ ಓಟ. ಕೊನೆಯ ನಾಲ್ಕು ವಾರದಲ್ಲಿ ಮಾತ್ರ ವಾರಕ್ಕೊಮ್ಮೆ ಗಡಿಯಾರ ಹಿಡಿಯಿರಿ. 1,600 ಮೀಟರಿನವರು 400 ಮೀಟರಿನ ಒಂದೊಂದು ಸುತ್ತನ್ನೂ 97 ಸೆಕೆಂಡಿನೊಳಗೆ, ನಡುವೆ ವಿಶ್ರಾಂತಿ ತೆಗೆದುಕೊಂಡು ನಾಲ್ಕು ಸಲ ಓಡಿ. 400 ಮೀಟರಿನವರಿಗೆ 200 ಮೀಟರನ್ನು 55 ಸೆಕೆಂಡಿನಲ್ಲಿ, ನಾಲ್ಕು ಸಲ. ನೋವು ಹೆಚ್ಚಾದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಡಬ್ಬದ ಪುಡಿ ಬೇಡ, ಮುದ್ದೆ ಸಾಕು

ಸಾವಿರಾರು ರೂಪಾಯಿಯ ಪ್ರೊಟೀನ್ ಡಬ್ಬ ಕೊಳ್ಳಲಾಗದಿದ್ದರೆ ಫಿಟ್‌ನೆಸ್ ನಮಗಲ್ಲ ಎಂದುಕೊಳ್ಳಬೇಡಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹುರುಳಿಯಲ್ಲಿ 20 ಗ್ರಾಂ ದಾಟಿದ ಪ್ರೊಟೀನ್. ಮುದ್ದೆ, ಮೊಳಕೆ ಹುರುಳಿಕಾಳಿನ ಸಾರು, ಜೊತೆಗೊಂದು ಮೊಟ್ಟೆ ಅಥವಾ ಒಂದು ಹಿಡಿ ಕಡಲೆಬೀಜ ಇದ್ದರೆ ನಮ್ಮಂಥವರಿಗೆ ಧಾರಾಳ. ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು. ನಂಜನಗೂಡು ರಸಬಾಳೆ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಪಚ್ಚಬಾಳೆಯೂ ಅದೇ ಕೆಲಸ ಮಾಡುತ್ತದೆ. ತಪ್ಪಿಸಬಾರದ್ದು ಎಂದರೆ ಬೆಳಗಿನ ತಿಂಡಿ ಮತ್ತು ರಾತ್ರಿಯ ನಿದ್ದೆ.

ಕೊನೆಯದಾಗಿ ಒಂದು ಮಾತು. ಖೋಖೋದಲ್ಲಿ ಒಬ್ಬಳೇ ಕೊನೆವರೆಗೂ ಓಡುವುದಿಲ್ಲ. ಸುಸ್ತಾದಾಗ ಕೂತವಳ ಬೆನ್ನು ಮುಟ್ಟಿ ‘ಖೋ’ ಎಂದರೆ ಅವಳು ಏಳುತ್ತಾಳೆ, ಇವಳು ಕೂರುತ್ತಾಳೆ, ಆಟ ನಿಲ್ಲುವುದಿಲ್ಲ. ನಮ್ಮ ಹುರುಪೂ ಹಾಗೆಯೇ ಏರಿಳಿಯುತ್ತದೆ. ಈ ಪುಟ ಓದಿ ಮಡಿಸುವ ಮುನ್ನ ನಾಳೆಯ ಹೊತ್ತು, ಜಾಗ, ಜೊತೆಗಾತಿ ಅಥವಾ ಜೊತೆಗಾರನ ಹೆಸರನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಅವರಿಗೊಂದು ಫೋನ್ ಮಾಡಿ, ‘ಖೋ’ ಎನ್ನಿ.