ಸರೋವರದ ದಡದ ಮೋಟೆಲು: ಅಂಚೆಕಾರ್ಡು ಹೇಳಿದ್ದು, ಹೇಳದೆ ಬಿಟ್ಟದ್ದು

ಹುಟ್ಟೂರನ್ನು ಬಿಟ್ಟು ಮಹಾನಗರಕ್ಕೆ ಬಂದಿಳಿದವರಿಗೆ ಒಂದು ಕಾಲದಲ್ಲಿ ಮೊದಲ ಕರ್ತವ್ಯವೊಂದಿತ್ತು. ಅಂಚೆಕಚೇರಿಯಲ್ಲಿ ಒಂದು ಕಾರ್ಡು ಕೊಂಡು, ಕ್ಷೇಮವಾಗಿ ಬಂದು ಸೇರಿದ ಸುದ್ದಿಯನ್ನು ಹಿರಿಯರಿಗೆ ಬರೆದು ಹಾಕುವುದೇ ಆ ಕರ್ತವ್ಯ. 1879 ರಲ್ಲಿ ಕಾಲಾಣೆಯ ಬೆಲೆಗೆ ಆರಂಭವಾದ ಭಾರತದ ಅಂಚೆಕಾರ್ಡಿನಲ್ಲಿ ಚಿತ್ರವಿರಲಿಲ್ಲ, ಒಕ್ಕಣೆಯೇ ಸರ್ವಸ್ವವಾಗಿತ್ತು. ಇದೇ ಕೆಲಸವನ್ನು ಅಮೆರಿಕದಲ್ಲಿ ಮಾಡಿದ ಇನ್ನೊಂದು ಬಗೆಯ ಕಾರ್ಡು ಉಂಟು. ಅದರ ಒಂದು ಮಗ್ಗುಲಲ್ಲಿ ನೀಲಿ ಸರೋವರ, ದಡದಲ್ಲಿ ಒಂದೇ ಸಾಲಿನ ಕೋಣೆಗಳು, ಪ್ರತಿ ಬಾಗಿಲ ಮುಂದೆ ಒಂದೊಂದು ಕಾರು, ಹುಲ್ಲಿನ ಮೇಲೆ ಬಣ್ಣದ ಕುರ್ಚಿಗಳು. ಇನ್ನೊಂದು ಮಗ್ಗುಲಲ್ಲಿ ನಾಲ್ಕು ಸಾಲಿನ ಕುಶಲವಾರ್ತೆ. ಕಾರಿನಲ್ಲಿ ಪ್ರವಾಸ ಹೊರಟ ಒಂದು ಯುಗದ ಚರಿತ್ರೆಯೇ ಈ ಕಾರ್ಡುಗಳಲ್ಲಿ ಅಡಗಿದೆ.

ಕಾರು ಕಟ್ಟಿಸಿದ ವಸತಿ

‘ಮೋಟೆಲು’ ಎಂಬ ಹೆಸರು ಮೋಟಾರು ಮತ್ತು ಹೋಟೆಲುಗಳ ಸಮಾಸ. 1925 ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಲೂಯಿಸ್ ಒಬಿಸ್ಪೊ ಎಂಬಲ್ಲಿ ವಾಸ್ತುಶಿಲ್ಪಿ ಆರ್ಥರ್ ಹೈನ್‌ಮನ್ ತೆರೆದ ವಸತಿಗೃಹವೇ ಈ ಹೆಸರನ್ನು ಮೊದಲು ಹೊತ್ತದ್ದು. ಅಲ್ಲಿ ಒಂದು ರಾತ್ರಿಯ ಬಾಡಿಗೆ ಒಂದೂಕಾಲು ಡಾಲರು. ಮರುವರ್ಷ ದೇಶದ ಹೆದ್ದಾರಿಗಳಿಗೆ ಸಂಖ್ಯೆಗಳು ಬಂದವು. ನಕ್ಷೆ ಹಿಡಿದ ಸಾಮಾನ್ಯ ಸಂಸಾರಸ್ಥನೂ ರೈಲಿನ ಹಂಗಿಲ್ಲದೆ ನೂರಾರು ಮೈಲಿ ಹೋಗುವುದು ಸಾಧ್ಯವಾಯಿತು.

ಹೀಗೆ ಹೊರಟವರನ್ನು ನೀರು ಸೆಳೆಯಿತು. ನ್ಯೂಯಾರ್ಕ್ ರಾಜ್ಯದಲ್ಲಿ 32 ಮೈಲಿ ಉದ್ದದ ಲೇಕ್ ಜಾರ್ಜ್ ಸರೋವರದ ತೀರದಲ್ಲಿ ಹಿಂದೆ ಧನಿಕರ ಮಹಲುಗಳಿದ್ದವು. ಕಾರಿನ ಕಾಲದಲ್ಲಿ ಅಲ್ಲಿ ಮೋಟೆಲುಗಳು ಎದ್ದವು. ಮಿಸೌರಿಯಲ್ಲಿ ಓಸೇಜ್ ನದಿಗೆ ಬ್ಯಾಗ್ನೆಲ್ ಅಣೆಕಟ್ಟು 1931 ರಲ್ಲಿ ಪೂರ್ಣಗೊಂಡಾಗ ‘ಲೇಕ್ ಆಫ್ ದಿ ಓಜಾರ್ಕ್ಸ್’ ಎಂಬ ಕೃತಕ ಸರೋವರವೇ ಹುಟ್ಟಿತು. ವಿದ್ಯುತ್ತಿಗಾಗಿ ನಿಲ್ಲಿಸಿದ ನೀರು ಪ್ರವಾಸಿಗರ ಕ್ಷೇತ್ರವಾಯಿತು. ಅಣೆಕಟ್ಟಿನ ಬಳಿಯ ರಸ್ತೆಯುದ್ದಕ್ಕೂ ಅಂಗಡಿ, ಉಪಾಹಾರಗೃಹ, ಮೋಟೆಲುಗಳು ಸಾಲುಗಟ್ಟಿದವು.

ಇವುಗಳಲ್ಲಿ ಹೆಚ್ಚಿನವು ಗಂಡಹೆಂಡಿರು ಸೇರಿ ನಡೆಸಿದ ಸಣ್ಣ ಉದ್ಯಮಗಳು. ಉತ್ತರದ ಸರೋವರಗಳಲ್ಲಿ ವ್ಯಾಪಾರದ ಕಾಲ ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರಿನ ಮೊದಲ ವಾರದವರೆಗೆ ಮಾತ್ರ. ಈ ಮೂರೂವರೆ ತಿಂಗಳ ಗಳಿಕೆಯಲ್ಲಿ ವರ್ಷದ ಸಂಸಾರ, ಸಾಲದ ಕಂತು, ದುರಸ್ತಿ ಎಲ್ಲವೂ ಸಾಗಬೇಕು. ಇಂಥ ಮಾಲೀಕನಿಗೆ ಪತ್ರಿಕೆಯ ಜಾಹೀರಾತು ದುಬಾರಿ. ಕಾರ್ಡು ಮಾತ್ರ ಕೈಗೆಟಕುವ ಪ್ರಚಾರ. ಕೋಣೆಯ ಮೇಜಿನಲ್ಲಿ ಉಚಿತವಾಗಿ ಇಟ್ಟರೆ ಅತಿಥಿಯೇ ಬರೆದು, ಅಂಚೆಚೀಟಿ ಹಚ್ಚಿ, ನಂಟರ ಮನೆಗೆ ತಲುಪಿಸುತ್ತಿದ್ದ. ಖರ್ಚು ಕಡಿಮೆ, ಶಿಫಾರಸು ಮಾಡುವವನು ಬಂಧುವೇ!

ನೀಲಿಯನ್ನು ಬಳಿದವರು

ಈ ಕಾರ್ಡುಗಳ ಅತಿ ದೊಡ್ಡ ಮುದ್ರಕರಲ್ಲಿ ಷಿಕಾಗೋ ನಗರದ ಕರ್ಟ್ ಟೈಕ್ ಕಂಪೆನಿ ಪ್ರಮುಖವಾದುದು. ಜರ್ಮನಿಯಿಂದ ವಲಸೆ ಬಂದ ಕರ್ಟ್ ಟೈಕ್ 1898 ರಲ್ಲಿ ಅದನ್ನು ಸ್ಥಾಪಿಸಿದ. 1930 ರ ದಶಕದಲ್ಲಿ ಬಟ್ಟೆಯ ನೇಯ್ಗೆಯಂತೆ ಉಬ್ಬುಗೆರೆಗಳಿರುವ ಕಾಗದದ ಮೇಲೆ ಗಾಢವರ್ಣದ ‘ಲಿನನ್’ ಕಾರ್ಡುಗಳು ಬಂದವು. ಮೂಲ ಛಾಯಾಚಿತ್ರ ಕಪ್ಪು ಬಿಳುಪಿನದು. ಛಾವಣಿ ಯಾವ ಬಣ್ಣ, ಗೋಡೆ ಯಾವ ಬಣ್ಣ ಎಂಬುದನ್ನು ಬರೆದು ಕಳುಹಿಸಿದರೆ ಕಾರ್ಖಾನೆಯ ಕಲಾವಿದರು ಉಳಿದುದನ್ನು ಪೂರೈಸುತ್ತಿದ್ದರು. ತಂತಿಕಂಬ ಮಾಯವಾಗುತ್ತಿತ್ತು, ಬೋಳು ಆಕಾಶಕ್ಕೆ ಮೋಡ ಬರುತ್ತಿತ್ತು, ಮಂಕಾದ ನೀರು ನೀಲಮಣಿಯಾಗುತ್ತಿತ್ತು. ಎರಡನೆಯ ಮಹಾಯುದ್ಧದ ತರುವಾಯ ವರ್ಣ ಛಾಯಾಚಿತ್ರದ ನುಣುಪು ಕಾರ್ಡುಗಳು ಇವುಗಳ ಸ್ಥಾನವನ್ನು ಆಕ್ರಮಿಸಿದವು.

ಹಳೆಯ ಕಾರ್ಡಿನ ವಯಸ್ಸನ್ನು ಕಂಡುಹಿಡಿಯುವುದು ಲೆಕ್ಕಪತ್ರ ತಪಾಸಣೆಯಷ್ಟೇ ಸ್ವಾರಸ್ಯದ ಕೆಲಸ. ಟೈಕ್ ಕಾರ್ಡಿನ ಮೇಲೆ ‘5ಎ’ ಎಂಬ ಸಂಕೇತವಿದ್ದರೆ ಅದು 1935 ರದು. ‘ಬಿ’ ಇದ್ದರೆ ನಲವತ್ತರ ದಶಕ, ‘ಸಿ’ ಇದ್ದರೆ ಐವತ್ತರ ದಶಕ. ಅಂಚೆವೆಚ್ಚವೂ ಸಾಕ್ಷಿ ನುಡಿಯುತ್ತದೆ. 1951 ರ ಕೊನೆಯವರೆಗೆ ಇದ್ದ 1 ಸೆಂಟಿನ ದರ 1952 ರಲ್ಲಿ 2, 1958 ರಲ್ಲಿ 3, 1963 ರಲ್ಲಿ 4 ಸೆಂಟುಗಳಿಗೆ ಏರಿತು. ವಿಳಾಸದಲ್ಲಿ ಐದಂಕಿಯ ‘ಜಿಪ್’ ಸಂಖ್ಯೆ ಮುದ್ರಿತವಾಗಿದ್ದರೆ ಆ ಕಾರ್ಡು 1963 ಕ್ಕಿಂತ ಹಿಂದಿನದಲ್ಲ.

ಚಿತ್ರದಲ್ಲಿ ಇಲ್ಲದವರು

ಆದರೆ ಅಢಾವೆ ಪತ್ರಿಕೆಯಲ್ಲಿ ಆಸ್ತಿಯ ಮಗ್ಗುಲನ್ನಷ್ಟೇ ಓದಿದವನಿಗೆ ವ್ಯಾಪಾರದ ನಿಜಸ್ಥಿತಿ ತಿಳಿಯದು. ಕಾರ್ಡಿನಲ್ಲಿ ಖಾಲಿ ಕೋಣೆ ಕಾಣುತ್ತದೆ. ಅದರ ಬಾಗಿಲು ಯಾರಿಗೆ ತೆರೆಯುತ್ತಿರಲಿಲ್ಲ ಎಂಬುದು ಕಾಣುವುದಿಲ್ಲ. ಕಪ್ಪು ಜನರ ಸಂಸಾರವೊಂದು ದಿನವಿಡೀ ಪ್ರಯಾಣಮಾಡಿ, ರಾತ್ರಿ ಯಾವ ಮೋಟೆಲಿನಲ್ಲೂ ತಾವು ದೊರೆಯದೆ ಕಾರಿನಲ್ಲೇ ಮಲಗುವುದು ಅಪರೂಪವಾಗಿರಲಿಲ್ಲ. ಇಂಥವರಿಗಾಗಿ ನ್ಯೂಯಾರ್ಕಿನ ಹಾರ್ಲೆಮ್ ನಿವಾಸಿ ವಿಕ್ಟರ್ ಹ್ಯೂಗೊ ಗ್ರೀನ್ 1936 ರಲ್ಲಿ ‘ಗ್ರೀನ್ ಬುಕ್’ ಎಂಬ ಕೈಪಿಡಿಯನ್ನು ಆರಂಭಿಸಿದ. ಅವಮಾನವಿಲ್ಲದೆ ತಂಗಬಹುದಾದ ತಾಣಗಳ ಪಟ್ಟಿ ಅದು. ವೃತ್ತಿಯಿಂದ ಆತ ಅಂಚೆಯವನು. ಮನೆಮನೆಗೆ ಇಂಥ ಕಾರ್ಡುಗಳನ್ನು ಹಂಚುವ ಕಸುಬಿನವನೇ ಅವು ಹೇಳದ ಸತ್ಯವನ್ನು ಮುದ್ರಿಸಿದ.

ಮಿಷಿಗನ್ ರಾಜ್ಯದ ಐಡಲ್‌ವೈಲ್ಡ್ ಎಂಬ ಸರೋವರದ ಊರು 1912 ರಿಂದ ಕಪ್ಪು ಜನರಿಗೆ ನೆಮ್ಮದಿಯ ವಿಹಾರಧಾಮವಾಗಿ ಬೆಳೆಯಿತು. ಅಲ್ಲಿ ಅವರು ನಿವೇಶನ ಕೊಳ್ಳಬಹುದಿತ್ತು, ಈಜಬಹುದಿತ್ತು, ತಂಗಬಹುದಿತ್ತು. 1893 ರಲ್ಲಿ ಷಿಕಾಗೋದಲ್ಲಿ ಇರಿತಕ್ಕೊಳಗಾದ ರೋಗಿಯ ಎದೆಯನ್ನು ತೆರೆದು ಹೃದಯದ ಹೊರಪೊರೆಯನ್ನು ಹೊಲಿದು ಬದುಕಿಸಿದ ಡಾ. ಡೇನಿಯಲ್ ಹೇಲ್ ವಿಲಿಯಮ್ಸ್ ತಮ್ಮ ಕೊನೆಯ ದಿನಗಳನ್ನು ಕಳೆದು 1931 ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿಯೇ. ಅಂತಹ ವೈದ್ಯರಿಗೂ ಎಲ್ಲ ಸರೋವರಗಳ ದಡವೂ ತೆರೆದಿರಲಿಲ್ಲ.

1964 ರ ನಾಗರಿಕ ಹಕ್ಕುಗಳ ಕಾಯಿದೆ ಈ ನಿರ್ಬಂಧವನ್ನು ಅಳಿಸಿತು. ಅಟ್ಲಾಂಟಾದ ಮೋಟೆಲೊಂದರ ಮಾಲೀಕ ಅದನ್ನು ಪ್ರಶ್ನಿಸಿದಾಗ, ಅದೇ ವರ್ಷದ ಡಿಸೆಂಬರ್ 14 ರಂದು ಸರ್ವೋಚ್ಚ ನ್ಯಾಯಾಲಯ ಕಾಯಿದೆಯನ್ನು ಒಮ್ಮತದಿಂದ ಎತ್ತಿಹಿಡಿಯಿತು. ಎಲ್ಲ ಬಾಗಿಲುಗಳೂ ತೆರೆದ ಮೇಲೆ ಐಡಲ್‌ವೈಲ್ಡ್‌ಗೆ ಬರುವವರು ಕಡಿಮೆಯಾದರು. ನ್ಯಾಯ ಗೆದ್ದಾಗಲೂ ಒಂದು ಊರು ಸೊರಗಬಹುದೆಂಬುದು ವಿಷಾದದ ಸಂಗತಿ.

ರಸ್ತೆ ಬದಲಾದಾಗ

1956 ರ ಶಾಸನದಿಂದ ಅಂತರರಾಜ್ಯ ಮಹಾಮಾರ್ಗಗಳು ಬಂದವು. ವಾಹನಗಳು ಹಳೆಯ ಹೆದ್ದಾರಿಗಳನ್ನು ತೊರೆದವು. 1952 ರಲ್ಲಿ ಮೆಂಫಿಸ್‌ನಲ್ಲಿ ಆರಂಭವಾದ ಹಾಲಿಡೇ ಇನ್‌ನಂತಹ ಸರಣಿ ಸಂಸ್ಥೆಗಳು ಎಲ್ಲ ಊರುಗಳಲ್ಲೂ ಒಂದೇ ಬಗೆಯ ಕೋಣೆಯನ್ನು ಒದಗಿಸಿದವು. ದಡದ ಜಮೀನಿನ ಬೆಲೆ ಮೋಟೆಲಿನ ಗಳಿಕೆಯನ್ನು ಮೀರಿದಲ್ಲಿ ಕಟ್ಟಡಗಳು ಉರುಳಿದವು. ದಣಿದ ಮಾಲೀಕರಿಂದ ಅನೇಕ ಹೆದ್ದಾರಿ ಮೋಟೆಲುಗಳನ್ನು ಕೊಂಡವರು ಗುಜರಾತಿನಿಂದ ಹೋದ ಸಂಸಾರಗಳು. ಅವರೂ ಕಚೇರಿಯ ಹಿಂದಿನ ಕೋಣೆಯಲ್ಲೇ ವಾಸಿಸಿ, ಹಾಸಿಗೆಯ ಹೊದಿಕೆಗಳನ್ನು ತಾವೇ ಒಗೆದು ಉದ್ಯಮವನ್ನು ಉಳಿಸಿದರು. ಇಂದು ಆ ದೇಶದ ಮೋಟೆಲುಗಳಲ್ಲಿ ಬಹುಭಾಗ ಭಾರತೀಯ ಮೂಲದವರದು.

ಟೈಕ್ ಕಂಪೆನಿ 1978 ರಲ್ಲಿ ಮುಚ್ಚಿತು. ಅದರ ಸಂಗ್ರಹ ಇಂದು ಷಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿದೆ. ಬಣ್ಣ ತುಸು ಹೆಚ್ಚಾದರೂ ಅಳಿದುಹೋದ ಅನೇಕ ಮೋಟೆಲುಗಳಿಗೆ ಉಳಿದಿರುವ ದಾಖಲೆ ಕಾರ್ಡೊಂದೇ. ಅದರ ಮುಖಭಾಗ ಮಾಲೀಕನ ಆಸೆಯನ್ನು ಹೇಳುತ್ತದೆ. ಬೆನ್ನು ಅತಿಥಿಯ ಕ್ಷೇಮವನ್ನು ಹೇಳುತ್ತದೆ. ಇವೆರಡರಲ್ಲೂ ಸ್ಥಾನ ಪಡೆಯದವರನ್ನು ನೆನೆಯುವ ಹೊಣೆ ಓದುವವನದು. ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿಯೂ, ಊರು ಬಿಟ್ಟವರು ಬರೆದ ಕಾರ್ಡುಗಳು ಇನ್ನೂ ಇದ್ದಾವು. ರದ್ದಿಗೆ ಹಾಕುವ ಮುನ್ನ ಒಮ್ಮೆ ತಿರುಗಿಸಿ ಓದುವುದು ಒಳಿತು.